ಶ್ಯಾನನ್, 1813 ಜೂನ್ 1: 96ಕ್ಕೆ 1ರ ಅಳತೆಯಲ್ಲಿ ಒಂದು ಫ್ರಿಗೇಟ್

ಹಳೇ ಕಾಲದ ಹಾಯಿಹಡಗಿನ ಮಾದರಿ ಮಾಡಲು ಹೊರಟವರು ಮರ ಕೊಳ್ಳುವ ಮೊದಲು ಒಂದು ತಾರೀಖು ಗೊತ್ತು ಮಾಡಿಕೊಳ್ಳಬೇಕು. ಯಾವ ಹಡಗು ಅನ್ನುವುದು ಅರ್ಧ ಉತ್ತರ ಮಾತ್ರ. ಯಾವ ದಿನದ ಹಡಗು ಅನ್ನುವುದು ಇನ್ನರ್ಧ.

ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್ (ವೇಗದ, ನಡುಗಾತ್ರದ ಯುದ್ಧಹಡಗು) ಎಚ್‌ಎಂಎಸ್ ಶ್ಯಾನನ್ ನೀರಿಗಿಳಿದದ್ದು 1806ರ ಮೇ 5ರಂದು. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ, ಮೆಡ್ವೇ ನದಿ ದಂಡೆಯ ಫ್ರಿಂಡ್ಸ್‌ಬರಿಯಲ್ಲಿದ್ದ ಬ್ರಿಂಡ್ಲಿ ಎಂಬವರ ಖಾಸಗಿ ಯಾರ್ಡಿನಲ್ಲಿ ಕಟ್ಟಿದ್ದು. ಒಡೆದು ಹಾಕಿದ್ದು 1859ರಲ್ಲಿ, ಚಾಥಮ್‌ನಲ್ಲಿ. ನಡುವಿನ 53 ವರ್ಷದಲ್ಲಿ ಅದು ಒಂದೇ ಥರ ಇರಲಿಲ್ಲ. 1807ರಲ್ಲಿ ತಿಮಿಂಗಿಲ ಬೇಟೆಯ ದೋಣಿಗಳಿಗೆ ಕಾವಲಾಗಿ ಸ್ಪಿಟ್ಸ್‌ಬರ್ಗನ್‌ವರೆಗೆ, ಮಂಜುಗಡ್ಡೆಯ ನಡುವೆ ಹೋಗಿತ್ತು. ಅದೇ ವರ್ಷದ ಕೊನೆಗೆ ಮಡೇರಾ ದ್ವೀಪ ಹಿಡಿಯಲು ಹೋದ ದಂಡಿನ ಜೊತೆಗಿತ್ತು. ಆಮೇಲೆ ಫ್ರಾನ್ಸಿನ ಕರಾವಳಿಯ ಮುಂದೆ ಕಾವಲು. 1811ರಿಂದ ಕೆನಡಾದ ಹ್ಯಾಲಿಫ್ಯಾಕ್ಸ್ ಅದರ ನೆಲೆ. 1831ಕ್ಕೆ ಶೀರ್‌ನೆಸ್‌ನಲ್ಲಿ ಹೊಸ ನಾವಿಕರನ್ನು ತುಂಬಿಸಿಡುವ ಕಟ್ಟಿಹಾಕಿದ ಹಡಗು. 1844ರಲ್ಲಿ ಹೆಸರೂ ಹೋಯಿತು, ಸೇಂಟ್ ಲಾರೆನ್ಸ್ ಆಯಿತು.

ಇವುಗಳಲ್ಲಿ ಯಾವ ಶ್ಯಾನನ್? ನಾನು ಹಿಡಿದದ್ದು 1813ರ ಜೂನ್ 1, ಸಂಜೆ ಐದೂಮುಕ್ಕಾಲು. ಬ್ರಿಟನ್ನಿಗೂ ಅಮೆರಿಕಕ್ಕೂ ಯುದ್ಧ ನಡೆಯುತ್ತಿದ್ದ ಕಾಲ, ಜಾಗ ಬಾಸ್ಟನ್ ಬಂದರಿನ ಹೊರಗಿನ ಕಡಲು. ಅಮೆರಿಕದ ಫ್ರಿಗೇಟ್ ಚೆಸಪೀಕ್ ಹತ್ತಿರ ಬರುತ್ತಿದೆ, ಇನ್ನೂ ಒಂದು ಗುಂಡೂ ಹಾರಿಲ್ಲ. ಈ ಗಳಿಗೆ ಮಾದರಿಯ ಪ್ರತಿ ಭಾಗವನ್ನೂ ತಾನೇ ತೀರ್ಮಾನ ಮಾಡುತ್ತದೆ. ಬಣ್ಣ ಎಷ್ಟು ಮಾಸಿರಬೇಕು, ಯಾವ ಹಾಯಿ ಬಿಚ್ಚಿರಬೇಕು, ಯಾವ ಬಾವುಟ, ಕ್ಯಾಪ್ಟನ್ ಕೋಣೆಗೆ ಗೋಡೆ ಇರಬೇಕೋ ಬೇಡವೋ, ಎಲ್ಲಾ.

ನಕ್ಷೆ ಮತ್ತು ಅಳತೆ

ಶ್ಯಾನನ್ ಲೀಡಾ ವರ್ಗದ, ಅಂದರೆ ಲೀಡಾ ಎಂಬ ಹಡಗಿನ ನಕ್ಷೆಯಲ್ಲೇ ಕಟ್ಟಿದ ಹಡಗು. ಈ ವರ್ಗದ ಮೂಲ ಇಂಗ್ಲಿಷರದ್ದಲ್ಲ. ಫ್ರೆಂಚರ ಎಬೆ ಎಂಬ ಫ್ರಿಗೇಟನ್ನು ಬ್ರಿಟಿಷರು 1782ರಲ್ಲಿ ಹಿಡಿದರು. ಅದರ ವಿನ್ಯಾಸಗಾರ ಜಾಕ್ ನೊಯೆಲ್ ಸಾನೆ. ಮೈಕಟ್ಟು ಎಷ್ಟು ಇಷ್ಟವಾಯಿತೆಂದರೆ ಅದನ್ನೇ ಅಳೆದು, ಸ್ವಲ್ಪ ತಿದ್ದಿ, 40ಕ್ಕೂ ಹೆಚ್ಚು ಹಡಗು ಕಟ್ಟಿಕೊಂಡರು. ವೈರಿಯ ಹಡಗಿನ ಅಚ್ಚಿನಲ್ಲೇ ವೈರಿಯನ್ನು ಹೊಡೆಯುವ ಹಡಗು!

ಹಡಗು ಇಲಾಖೆಯ ಹಳೇ ನಕ್ಷೆಗಳು ಗ್ರೀನಿಚ್‌ನ ಮ್ಯೂಸಿಯಂನಲ್ಲಿವೆ. ಲೀಡಾ ವರ್ಗದ ನಕ್ಷೆಯ ಪ್ರತಿ ಇಟ್ಟುಕೊಂಡು ಕೆಲಸ ಶುರು ಮಾಡಿದೆ. ಫಿರಂಗಿ ಡೆಕ್ಕಿನ ಉದ್ದ 150 ಅಡಿ ಚಿಲ್ಲರೆ, ಅಗಲ 40 ಅಡಿಗೆ ಒಂದೇ ಇಂಚು ಕಮ್ಮಿ. 96ಕ್ಕೆ 1 ಅಂದರೆ 8 ಅಡಿಗೆ 1 ಇಂಚು. ತಲೆಯಲ್ಲೇ ಲೆಕ್ಕ ಹಾಕಬಹುದು, ಅದಕ್ಕೇ ಈ ಅಳತೆ ನನಗಿಷ್ಟ. ಡೆಕ್ 47.6 ಸೆಂ.ಮೀ., ಅಗಲ 12.7 ಸೆಂ.ಮೀ. ಬಂತು. ಮುಂದೆ ಚಾಚುವ ಬೌಸ್ಪ್ರಿಟ್, ಹಿಂದೆ ಚಾಚುವ ಬೂಮ್ ಸೇರಿದರೆ 80 ಸೆಂ.ಮೀ. ದಾಟುತ್ತದೆ. ಮನೆಯಲ್ಲಿ ಟಿವಿ ಪಕ್ಕ ಇಡುವ ಆಸೆ ಇದ್ದವರು ಇದನ್ನು ಮೊದಲೇ ಅಳೆದು ನೋಡಿಕೊಳ್ಳಿ.

ಮರ

ನಿಜವಾದ ಶ್ಯಾನನ್ ಓಕ್ ಮರದ್ದು. ಈ ಅಳತೆಗೆ ಓಕ್ ಬಳಸಿದರೆ ಎಳೆ ದಪ್ಪವಾಗಿ ಕಾಣುತ್ತದೆ. ತೇಗವೂ ಅಷ್ಟೇ, ಅದರ ರಂಧ್ರಗಳೇ ಮಾದರಿಯ ಹಲಗೆಯಲ್ಲಿ ಗೀರು ಬಿದ್ದ ಹಾಗೆ ತೋರುತ್ತವೆ. ನಾನು ಬಳಸಿದ್ದು ಹಾಲೆ ಮರ, ಚನ್ನಪಟ್ಟಣದ ಗೊಂಬೆಯವರು ಬಳಸುವುದೇ. ಬೆಳ್ಳಗೆ, ನುಣ್ಣಗೆ, ಎಳೆ ಕಾಣುವುದೇ ಇಲ್ಲ ಅನ್ನಬಹುದು. ಚೂಪು ಬ್ಲೇಡಿಗೆ ಚೆನ್ನಾಗಿ ಬಗ್ಗುತ್ತದೆ. ಒಳಗಿನ ಅಸ್ಥಿಪಂಜರಕ್ಕೆ 4 ಮಿ.ಮೀ. ಪ್ಲೈವುಡ್. ಹಡಗಿನ ಬೆನ್ನೆಲುಬಾದ ಕೀಲ್ ಹಲಗೆಗೆ ಸೀಳು ಕೊರೆದು, ಅಡ್ಡ ಚೌಕಟ್ಟುಗಳನ್ನು ಒಂದೊಂದಾಗಿ ಕೂರಿಸಿ, ಎರಡು ದಾರ ಕಟ್ಟಿ ನೇರ ನೋಡಿ, ಆಮೇಲೆ ಫೆವಿಕಾಲ್ ಹಾಕಿದೆ.

ಹಲಗೆ ಹೊದಿಸುವ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲ ಹಡಗಿಗೂ ಅದೇ ಕಥೆ. ಎರಡು ಪದರ, ಬಿಸಿನೀರಲ್ಲಿ ನೆನೆಸಿ, ಸೋಲ್ಡರಿಂಗ್ ಐರನ್ ಪಕ್ಕಕ್ಕೆ ಒತ್ತಿ ಬಗ್ಗಿಸುವುದು. ಲೀಡಾ ವರ್ಗದ ಮೂತಿ ಮೇಲುಗಡೆ ಗುಂಡಗಿದೆ, ನೀರಿನ ಕೆಳಗೆ ಒಮ್ಮೆಗೇ ಚೂಪಾಗುತ್ತದೆ. ಆ ತಿರುವಿನಲ್ಲಿ ಪ್ರತಿ ಹಲಗೆಯ ಅಗಲವನ್ನೂ ಮುಂದಕ್ಕೆ ಹೋದಂತೆ ಅರ್ಧಕ್ಕೆ ಇಳಿಸಬೇಕು. ಅವಸರ ಮಾಡಿದರೆ ಹಲಗೆಯ ಅಂಚು ಎದ್ದು ನಿಲ್ಲುತ್ತದೆ.

ಹಿಂಭಾಗ, ಮತ್ತು ಮುಂಬಯಿಯ ಒಂದು ತಂಗಿ

ಲೀಡಾ ವರ್ಗದ ಎರಡು ಹಡಗು ಇವತ್ತಿಗೂ ಉಳಿದಿವೆ. ಒಂದು ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ಯೂನಿಕಾರ್ನ್. ಇನ್ನೊಂದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿರುವ ಟ್ರಿಂಕೋಮಲೀ. ಈ ಎರಡನೆಯದು ನಮ್ಮ ಕಡೆಯದೇ. ಮುಂಬಯಿ ಡಾಕಿನಲ್ಲಿ, ಪಾರ್ಸಿ ಮೇಸ್ತ್ರಿ ಜಮ್ಷೇಟ್‌ಜಿ ಬೊಮ್ಮನ್‌ಜಿ ವಾಡಿಯಾ ಮಲಬಾರ್ ತೇಗದಲ್ಲಿ ಕಟ್ಟಿಸಿದ್ದು. 1817ರ ಅಕ್ಟೋಬರ್ 12ಕ್ಕೆ ನೀರಿಗಿಳಿಯಿತು. ಆಗ ಇಂಗ್ಲೆಂಡಿನಲ್ಲಿ ಓಕ್ ಸಾಕಾಗುತ್ತಿರಲಿಲ್ಲ. ಇದೇ ವರ್ಗದ ಕೆಲವು ಹಡಗುಗಳನ್ನು ಫರ್ ಮರದಲ್ಲಿ ತರಾತುರಿಯಿಂದ ಕಟ್ಟಿದ್ದರು, ಅವು ಬೇಗ ಲಡ್ಡು ಹಿಡಿದವು. ತೇಗದ್ದು ಎರಡು ಶತಮಾನ ಕಳೆದರೂ ನಿಂತಿದೆ.

ಟ್ರಿಂಕೋಮಲೀ ಕಟ್ಟಲು ಆಜ್ಞೆ ಆದದ್ದು 1812ರಲ್ಲೇ. ನಕ್ಷೆಗಳು ಜಾವಾ ಎಂಬ ಫ್ರಿಗೇಟಿನಲ್ಲಿ ಮುಂಬಯಿಗೆ ಹೊರಟವು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಚಚ್ಚಿ ಹಾಕಿತು. ಮುಂಬಯಿಗೆ ಸೇನಾ ಮುಖ್ಯಸ್ಥರಾಗಿ ಬರಬೇಕಿದ್ದ ಹಿಸ್ಲಪ್ ಕೂಡ ಅದರಲ್ಲೇ ಇದ್ದು ಸೆರೆಯಾದರು. ನಕ್ಷೆ ಮತ್ತೆ ಬರೆಸಿ ಕಳಿಸಬೇಕಾಯಿತು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಆ ವರ್ಷ ಬ್ರಿಟಿಷರು ಅಮೆರಿಕನ್ನರ ಕೈಲಿ ಹೀಗೆ ಸಾಲಾಗಿ ಪೆಟ್ಟು ತಿಂದರು. ಆಗಸ್ಟಿನಲ್ಲಿ ಗೆರಿಯೇರ್ ಹೋಯಿತು, ಅಕ್ಟೋಬರಿನಲ್ಲಿ ಮ್ಯಾಸಿಡೋನಿಯನ್, ಡಿಸೆಂಬರಿನಲ್ಲಿ ಜಾವಾ. ಮೂರೂ ಫ್ರಿಗೇಟುಗಳು. ಶ್ಯಾನನ್‌ನ ಕ್ಯಾಪ್ಟನ್ ಫಿಲಿಪ್ ಬ್ರೂಕ್ ಬಾಸ್ಟನ್ ಬಾಗಿಲಲ್ಲಿ ಹಟ ಹಿಡಿದು ಕಾದದ್ದು ಈ ಉರಿಗೇ.

ಮಾದರಿ ಮಾಡುವವರಿಗೆ ಟ್ರಿಂಕೋಮಲೀಯ ಫೋಟೋಗಳು ದೊಡ್ಡ ಆಸ್ತಿ. ಡೆಕ್ಕಿನ ತೊಲೆ, ಫಿರಂಗಿ ಕಿಂಡಿ, ಲಂಗರು ಎಳೆಯುವ ರಾಟೆ (ಕ್ಯಾಪ್ಸ್ಟನ್) ಎಲ್ಲಾ ನೋಡಿ ಕಲಿಯಬಹುದು. ಹಿಂಭಾಗ ಮಾತ್ರ ನೋಡಿ ಮಾಡಬೇಡಿ. 1840ರ ದಶಕದಲ್ಲಿ ಅದನ್ನು ಕಾರ್ವೆಟ್ (ಫ್ರಿಗೇಟಿಗಿಂತ ಕೆಳಗಿನ ದರ್ಜೆಯ ಯುದ್ಧಹಡಗು) ಮಾಡುವಾಗ ಹಿಂಭಾಗವನ್ನು ದುಂಡಗೆ ತಿದ್ದಿದ್ದಾರೆ. 1813ರ ಶ್ಯಾನನ್‌ಗೆ ಇದ್ದದ್ದು ಹಳೇ ಮಾದರಿಯ ಚಪ್ಪಟೆ ಹಿಂಭಾಗ. ಅಡ್ಡಡ್ಡ ಕಿಟಕಿ ಸಾಲು, ಎರಡೂ ಬದಿಗೆ ಚಾಚಿದ ಗೂಡು. ಕಿಟಕಿ ಚೌಕಟ್ಟನ್ನು ತೆಳು ಹಾಲೆ ಹಲಗೆಯಲ್ಲಿ ಕೊರೆದೆ. ಗಾಜಿಗೆ ಅಂಗಿ ಡಬ್ಬಿಯ ಪಾರದರ್ಶಕ ಪ್ಲಾಸ್ಟಿಕ್ ಸಾಕು.

ತಾಮ್ರ

ನೀರಿನ ಕೆಳಗಿನ ಮೈಗೆ ತಾಮ್ರದ ತಗಡು. ಮರ ಕೊರೆಯುವ ಹುಳು ಬರಬಾರದು, ಪಾಚಿ ಹಿಡಿದು ವೇಗ ಕುಂದಬಾರದು ಅಂತ ಬ್ರಿಟಿಷ್ ನೌಕಾಪಡೆ 1780ರ ಸುಮಾರಿಗೆ ಎಲ್ಲ ಹಡಗಿಗೂ ಇದನ್ನು ಹೊಡೆಸಿತು. ಮೊದಮೊದಲು ಒಂದು ತೊಂದರೆ ಕಾಡಿತು. ಉಪ್ಪುನೀರಲ್ಲಿ ತಾಮ್ರ ಪಕ್ಕದಲ್ಲಿದ್ದರೆ ಕಬ್ಬಿಣದ ಬೋಲ್ಟು ಕರಗಿಹೋಗುತ್ತದೆ. ಆಮೇಲೆ ನೀರಿನ ಕೆಳಗಿನ ಬೋಲ್ಟುಗಳನ್ನೇ ತಾಮ್ರದ ಬೆರಕೆಗೆ ಬದಲಾಯಿಸಿದರು.

ಒಂದು ತಗಡು 4 ಅಡಿ ಉದ್ದ, 14 ಇಂಚು ಅಗಲ. ನನ್ನ ಅಳತೆಯಲ್ಲಿ 12.7 ಮಿ.ಮೀ.ಗೆ 3.7 ಮಿ.ಮೀ. ಗಿಟಾರ್ ಒಳಗೆ ಅಂಟಿಸುವ ತಾಮ್ರದ ಟೇಪ್ ಸಿಗುತ್ತದಲ್ಲ, ಅದನ್ನೇ ಕತ್ತರಿಸಿದೆ. ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬರಬೇಕು. ಹಾಗೆ ಮಾಡಿದರೆ ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಕೂರುತ್ತದೆ, ಓಡುವಾಗ ನೀರು ಅಂಚಿನ ಒಳಗೆ ನುಗ್ಗುವುದಿಲ್ಲ. ಸಾವಿರಗಟ್ಟಲೆ ತುಂಡು. ರೇಡಿಯೋ ಹಾಕಿಕೊಂಡು ಕೂರುವ ಕೆಲಸ.

ಹೊಳೆಯುವ ತಾಮ್ರ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ತಿಂಗಳುಗಟ್ಟಲೆ ಕಡಲಲ್ಲೇ ಇದ್ದ ಹಡಗಿನ ತಳ ಪೂಜೆಗೆ ಬೆಳಗಿದ ಚೊಂಬಿನ ಹಾಗೆ ಇರುತ್ತದಾ? ವಿನೆಗರ್‌ಗೆ ಉಪ್ಪು ಕಲಸಿ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಬಿಟ್ಟೆ. ಕಂದು ಬಣ್ಣಕ್ಕೆ ತಿರುಗಿತು. ನೀರಿನ ಗೆರೆ ಹತ್ತಿರ ಮಾತ್ರ ಇನ್ನೊಂದು ಸಲ ಒರೆಸಿ ಸ್ವಲ್ಪ ಹಸಿರು ಬರಿಸಿದೆ.

ಮೇಲಿನ ಮೈಗೂ ಅದೇ ನಿಯಮ. ಕಪ್ಪು ಬಣ್ಣ, ಫಿರಂಗಿ ಕಿಂಡಿಗಳ ಸಾಲಿಗೆ ಕಾವಿ ಬೆರೆತ ಹಳದಿ ಪಟ್ಟಿ, ಇದು ಆ ಕಾಲದ ಬ್ರಿಟಿಷ್ ಹಡಗುಗಳ ವಾಡಿಕೆ. ಬ್ರೂಕ್‌ನ ಹಡಗು ಹೊರಗಿನಿಂದ ನೋಡಿದರೆ ಬಡಕಲಾಗಿ ಕಾಣುತ್ತಿತ್ತು ಅಂತ ಆ ಕಾಲದವರೇ ಬರೆದಿದ್ದಾರೆ. ಹಾಗಾಗಿ ಬಣ್ಣಕ್ಕೆ ಬೂದಿ ಬಣ್ಣ ಬೆರೆಸಿ ಮಂಕು ಮಾಡಿದೆ. ಲಂಗರು ಉಜ್ಜುವ ಜಾಗದಲ್ಲಿ ತುಕ್ಕಿನ ಗೀರು. ವಾರ್ನಿಷ್ ಹೊಳಪು ಎಲ್ಲೂ ಇಲ್ಲ.

ಫಿರಂಗಿಗಳು

ಈ ಹಡಗಿನ ಜೀವ ಇಲ್ಲಿದೆ. ನಾನು ಹೆಚ್ಚು ಸಮಯ ಕೊಟ್ಟದ್ದೂ ಇಲ್ಲಿಗೇ.

ಮೊದಲು ಲೆಕ್ಕ. ಪುಸ್ತಕದಲ್ಲಿ ಶ್ಯಾನನ್ 38 ಫಿರಂಗಿಯ ಹಡಗು. ಆ ಸಂಖ್ಯೆ ನಂಬಿ 38 ಮಾಡಿದರೆ ಡೆಕ್ ಖಾಲಿ ಖಾಲಿ ಕಾಣುತ್ತದೆ. ಆಗಿನ ಪಟ್ಟಿಯಲ್ಲಿ ಕ್ಯಾರೊನೇಡ್ ಎಂಬ ಮೋಟು ಫಿರಂಗಿಗಳನ್ನು ಎಣಿಸುತ್ತಿರಲಿಲ್ಲ, 1817ರ ನಂತರವೇ ಅವು ಲೆಕ್ಕಕ್ಕೆ ಸೇರಿದ್ದು. ಕಾಳಗದ ದಿನ ಫಿರಂಗಿ ಡೆಕ್ಕಿನಲ್ಲಿ 18 ಪೌಂಡ್ ಗುಂಡಿನ ಉದ್ದ ಫಿರಂಗಿ 28. ಮೇಲಿನ ಡೆಕ್ಕುಗಳಲ್ಲಿ 32 ಪೌಂಡಿನ ಮೋಟು ಕ್ಯಾರೊನೇಡ್ 16. ಅದರ ಜೊತೆ 9 ಪೌಂಡಿನವು, ಇನ್ನೂ ಕೆಲವು ಚಿಕ್ಕವು. ಒಟ್ಟು 50ರ ಸುತ್ತಮುತ್ತ. ಕ್ಯಾರೊನೇಡ್‌ಗೆ ಉಳಿದವುಗಳ ಹಾಗೆ ನಾಲ್ಕು ಗಾಲಿಯ ಗಾಡಿ ಮಾಡಬಾರದು, ಅದು ಜಾರುಹಲಗೆಯ ಮೇಲೆ ಕೂರುತ್ತದೆ.

28 ಕೊಳವೆಗಳನ್ನು ಹಿತ್ತಾಳೆ ಸರಳಿನಲ್ಲಿ ಹೊರಗೆ ಮಾಡಿಸಿದೆ. ಒಂದೊಂದೂ ಒಂದಿಂಚಿನ ಆಸುಪಾಸು. ಲೇತ್ ಅಂಗಡಿಯವರು ನಕ್ಷೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು.

"ಇದೇನ್ ಸರ್, ಗೊಂಬೆ ಹಬ್ಬಕ್ಕಾ?"

"ಅಲ್ಲಣ್ಣಾ, ಹಡಗಿಗೆ."

"ಒಂದಾ?"

"ಇಪ್ಪತ್ತೆಂಟು. ಎಲ್ಲಾ ಒಂದೇ ಥರ ಬರ್ಬೇಕು."

"ಹಂಗಾದ್ರೆ ಕೈಯಲ್ಲಿ ತೆಗೆಯೋದು ಬ್ಯಾಡ. ಈ ಶೇಪಿಗೇ ಒಂದು ಬಿಟ್ ತಿದ್ಕೊಂಡ್ಬಿಡಾಣ, ಒತ್ತಿದ್ರೆ ಬಂತು."

ಹಾಗೇ ಮಾಡಿದರು. ಉಂಗುರಗಳು ಸಮೇತ ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಿಜವಾದವು ಎರಕದ ಕಬ್ಬಿಣದವು, ಹಾಗಾಗಿ ಹಿತ್ತಾಳೆ ಕಾಣದಂತೆ ಮಂಕು ಕಪ್ಪು ಬಳಿದು, ಅಂಚುಗಳಿಗೆ ಪೆನ್ಸಿಲ್ ಸೀಸ ಉಜ್ಜಿದೆ.

ಒಂದಿಂಚಿನ ಫಿರಂಗಿಯಲ್ಲಿ ಬ್ರೂಕ್ ಏನು ಮಾಡಿದ್ದ ಅನ್ನುವುದು ಕಾಣುವುದಿಲ್ಲ. ಅದಕ್ಕೇ ಒಂದು ಫಿರಂಗಿಯನ್ನು ಮಾತ್ರ ಬೇರೆಯಾಗಿ, 24ಕ್ಕೆ 1ರ ಅಳತೆಯಲ್ಲಿ, ಸುತ್ತಲಿನ ಡೆಕ್ ಮತ್ತು ಕಿಂಡಿ ಸಮೇತ ಮಾಡಿದೆ. ಆರಿಸಿದ್ದು ಬಲಬದಿಯ 14ನೇ ಫಿರಂಗಿ. ಆ ದಿನ ಮೊದಲ ಗುಂಡು ಹಾರಿಸಿದ್ದು ಅದೇ. ಅದರ ಮುಖ್ಯಸ್ಥ ವಿಲಿಯಂ ಮಿಂಡ್ಹ್ಯಾಮ್ ಎಂಬ ನಾವಿಕ.

ಕೊಳವೆ ನಾಲ್ಕಿಂಚು ಚಿಲ್ಲರೆ. ಗುಂಡಿಗೆ ಸೈಕಲ್ ಚಕ್ರದ ಬೇರಿಂಗ್ ಗುಂಡು ಸರಿಯಾಯಿತು, 18 ಪೌಂಡ್ ಗುಂಡಿನ ಅಡ್ಡಳತೆ 5 ಇಂಚು, ಈ ಅಳತೆಯಲ್ಲಿ 5 ಮಿ.ಮೀ. ಚಿಲ್ಲರೆ. ಈಗ ಬ್ರೂಕ್‌ನ ಕೈಚಳಕಕ್ಕೆ ಬರೋಣ.

ಫಿರಂಗಿಯ ಹಿಂಭಾಗ ದಪ್ಪ, ಬಾಯಿ ಸಣ್ಣ. ಕೊಳವೆಯ ಬೆನ್ನ ಮೇಲೆ ಕಣ್ಣಿಟ್ಟು ಗುರಿ ನೋಡಿದರೆ, ನೋಟ ನೇರ ಹೋದರೂ ಒಳಗಿನ ತೂತು ಮೇಲ್ಮುಖವಾಗಿರುತ್ತದೆ. ಗುಂಡು ತಲೆ ಮೇಲೆ ಹಾರಿಹೋಗುತ್ತದೆ. ಇದನ್ನು ಸರಿಪಡಿಸಲು ಬ್ರೂಕ್ ಕೊಳವೆಯ ಮೇಲೆ ಆ ವ್ಯತ್ಯಾಸದಷ್ಟು ಎತ್ತರದ ಗುರಿಗುಬಟು ಹಾಕಿಸಿದ. ಮಾದರಿಯಲ್ಲಿ ಅದನ್ನು ಹಿತ್ತಾಳೆ ಮೊಳೆಯ ತಲೆ ಅರೆದು ಮಾಡಿದೆ. ಕೊಳವೆಯ ಒಳಗೆ ಒಂದು ಕಡ್ಡಿ ತೂರಿಸಿ, ಕಡ್ಡಿಯೂ ನೋಟದ ಗೆರೆಯೂ ಸಮಾನಾಂತರ ಆಗುವವರೆಗೆ ಅರೆಯುತ್ತಾ ಬಂದರೆ ಎತ್ತರ ತಾನೇ ಸಿಗುತ್ತದೆ. ಮೇಜಿನ ಮೇಲೆ ಹೀಗೆ ಮಾಡಿ ನೋಡಿದಾಗ ಅವನ ತಲೆ ಹೇಗೆ ಓಡುತ್ತಿತ್ತು ಅನ್ನುವುದು ಪುಸ್ತಕ ಓದಿದ್ದಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಎರಡನೆಯದು ಬೆಣೆ. ಕೊಳವೆಯ ಹಿಂಭಾಗದ ಕೆಳಗೆ ಮರದ ಬೆಣೆ ಇರುತ್ತದೆ. ಒಳಕ್ಕೆ ತಳ್ಳಿದರೆ ಬಾಯಿ ಇಳಿಯುತ್ತದೆ, ಎಳೆದರೆ ಏಳುತ್ತದೆ. ಬೇರೆ ಹಡಗುಗಳಲ್ಲಿ ಇದು ಕಣ್ಣಂದಾಜಿನ ಕೆಲಸ. ಶ್ಯಾನನ್‌ನಲ್ಲಿ ಬೆಣೆಗೆ ಡಿಗ್ರಿ ಲೆಕ್ಕದ ಗೀರು ಕೊರೆಸಿದ್ದ. ಹಾಲೆ ಮರದ ಚಿಕ್ಕ ಬೆಣೆಗೆ ಬ್ಲೇಡಿನಿಂದ ಗೀರು ಹಾಕಿ, ಇಂಡಿಯನ್ ಇಂಕ್ ತುಂಬಿಸಿ ಒರೆಸಿದೆ.

ಮೂರನೆಯದು ನೆಲದ ಮೇಲಿನ ಕಂಸಗಳು. ಪ್ರತಿ ಫಿರಂಗಿಯ ಹಿಂದೆ ಡೆಕ್ಕಿನ ಹಲಗೆಯಲ್ಲೇ ದಿಕ್ಕಿನ ಗುರುತು ಕೊರೆದಿದ್ದರು. ಹೊಗೆಯಲ್ಲಿ ಎದುರಿನ ಹಡಗು ಕಾಣದಿದ್ದರೂ ಮೇಲಿನಿಂದ ಇಷ್ಟು ಡಿಗ್ರಿ ಅಂತ ಕೂಗಿದರೆ ಸಾಕು, ಗಾಡಿಯನ್ನು ಆ ಗುರುತಿಗೆ ತಿರುಗಿಸಿ ಎಲ್ಲರೂ ಒಂದೇ ಜಾಗಕ್ಕೆ ಹೊಡೆಯಬಹುದು. ಗುರಿ ನೋಡಲು ಬಿಡದೆ, ಬರೀ ದಿಕ್ಕು ಹೇಳಿ ಹೊಡೆಸುವ ಅಭ್ಯಾಸವನ್ನೂ ಮಾಡಿಸುತ್ತಿದ್ದ. ಮಾದರಿಯಲ್ಲಿ ಕಿಂಡಿಯ ಮಧ್ಯಕ್ಕೆ ಗುಂಡುಸೂಜಿ ಚುಚ್ಚಿ, ದಾರ ಕಟ್ಟಿ, ಕೈವಾರದ ಮುಳ್ಳಿನಿಂದ ಕಂಸ ಎಳೆದೆ. ಗೀರಿಗೆ ಬಿಳಿ ಪುಟ್ಟಿ ತುಂಬಿ, ನುಣ್ಣನೆ ಉಜ್ಜುಕಾಗದ ಹಾಕಿದೆ.

ನಾಲ್ಕನೆಯದು ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ನನಗೆ ಅತಿ ಇಷ್ಟವಾದದ್ದು ಅದೇ. ಹಡಗಿನ ಡೆಕ್ ಚಪ್ಪಟೆ ಅಲ್ಲ. ಮುಂದೆ ಹಿಂದೆ ಮೇಲೇಳುತ್ತದೆ, ಅಡ್ಡಕ್ಕೂ ಸ್ವಲ್ಪ ಉಬ್ಬಿರುತ್ತದೆ. ಹೀಗಾಗಿ ಒಂದೊಂದು ಫಿರಂಗಿಯೂ ಒಂದೊಂದು ಥರ ವಾಲಿ ನಿಂತಿರುತ್ತದೆ. ಬ್ರೂಕ್ ಗಾಡಿಗಳನ್ನೇ ತಿದ್ದಿಸಿ ಎಲ್ಲವನ್ನೂ ಮಟ್ಟಕ್ಕೆ ತಂದ. 14ನೆಯದು ಹಿಂದಿನ ತುದಿಯ ಏರಿನಲ್ಲಿದೆ. ನನ್ನ ಡೆಕ್ ತುಂಡನ್ನೂ ಅಷ್ಟೇ ಏರಿಗೆ ಕೂರಿಸಿ, ಏರಿನ ಕಡೆಯ ಗಾಲಿಗಳನ್ನು ಉಜ್ಜಿ ಸಣ್ಣ ಮಾಡಿದೆ. ಬಡಗಿಯ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುವೆ ನಿಲ್ಲುತ್ತದೆ.

ಈ ಸಾಮಾನಿನ ಖರ್ಚಿಗೆ ಅವನು ತನ್ನ ಕೈಯಿಂದಲೇ ದುಡ್ಡು ಹಾಕಿದ. ಹಡಗು ಅವನ ಕೈಗೆ ಬಂದದ್ದು 1806ರಲ್ಲಿ. ಅಂದರೆ ಏಳು ವರ್ಷ ಅದೇ ಹಡಗು, ಅದೇ ಜನ. ಕಡಲಿಗೆ ಪೀಪಾಯಿ ಎಸೆದು ಹೊಡೆಸುವ ಪಂದ್ಯ ಇಡುತ್ತಿದ್ದ, ಗೆದ್ದವರಿಗೆ ತಂಬಾಕು. ಮದ್ದು ಗುಂಡು ದುಬಾರಿ ಅಂತ ಬೇರೆ ಎಷ್ಟೋ ಕ್ಯಾಪ್ಟನ್ನರು ಹಿತ್ತಾಳೆ ಬೆಳಗಿಸುವುದರಲ್ಲೇ ದಿನ ದೂಡುತ್ತಿದ್ದ ಕಾಲ ಅದು. ಶ್ಯಾನನ್ ಬಣ್ಣ ಯಾಕೆ ಮಾಸಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಇಲ್ಲದ ಗೋಡೆ

14ನೇ ಫಿರಂಗಿ ಸಾಲಿನ ಕೊನೆಯದು. ಅಂದರೆ ಅದು ನಿಂತಿರುವುದು ಕ್ಯಾಪ್ಟನ್ ಕೋಣೆಯ ಒಳಗೆ. ಫ್ರಿಗೇಟಿನಲ್ಲಿ ದೊರೆ ಮಲಗುವ ಜಾಗದಲ್ಲೂ ಫಿರಂಗಿ ಇರುತ್ತದೆ. ಕಾಳಗಕ್ಕೆ ಅಣಿಯಾಗುವಾಗ ಮರದ ಅಡ್ಡಗೋಡೆ, ಮೇಜು, ಕುರ್ಚಿ ಎಲ್ಲಾ ಕಳಚಿ ಕೆಳಗೆ ಇಳಿಸುತ್ತಾರೆ. ಡೆಕ್ ಒಂದು ತುದಿಯಿಂದ ಇನ್ನೊಂದು ತುದಿಗೆ ಬಯಲು. ನಕ್ಷೆಯಲ್ಲಿ ಗೋಡೆ ಚೆಂದವಾಗಿ ಬರೆದಿದೆ, ಬಾಗಿಲು ಸಮೇತ. ನನ್ನ ಗಳಿಗೆಗೆ ಅದು ಬೇಡ. ಹಿಂದಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಫಿರಂಗಿಗಳ ಬೆನ್ನು ಸಾಲಾಗಿ ಮುಂದಿನವರೆಗೂ ಕಾಣುತ್ತದೆ.

ಕೂವೆ, ಹಗ್ಗ, ಹಾಯಿ

ಹಾಯಿ ಕಟ್ಟುವ ಮೂರು ಕೂವೆಮರಗಳನ್ನೂ ಚೌಕ ಕಡ್ಡಿಯಿಂದ ಎಂಟು ಮೂಲೆ, ಆಮೇಲೆ ಹದಿನಾರು, ಆಮೇಲೆ ದುಂಡು ಅನ್ನುವ ಹಳೇ ಕ್ರಮದಲ್ಲೇ ಕೆತ್ತಿದೆ. ಹಗ್ಗಕ್ಕೆ ಪಾಲಿಯೆಸ್ಟರ್ ದಾರ. ಹತ್ತಿ ದಾರಕ್ಕೆ ನವಿರು ಏಳುತ್ತದೆ, ಈ ಅಳತೆಯಲ್ಲಿ ಅದು ಹಗ್ಗಕ್ಕೆ ರೋಮ ಬಂದ ಹಾಗೆ. ಡ್ರಿಲ್ ಮೋಟಾರಿಗೆ ಕೊಕ್ಕೆ ಸಿಕ್ಕಿಸಿ ಮೂರೆಳೆ ಹುರಿ ಮಾಡಿಕೊಂಡೆ. ಡಾಂಬರು ಬಳಿದ ನಿಂತ ಹಗ್ಗಗಳಿಗೆ ಕಪ್ಪು, ಎಳೆಯುವ ಓಡುವ ಹಗ್ಗಗಳಿಗೆ ಸೆಣಬಿನ ಬಣ್ಣ. ಎಲ್ಲಕ್ಕೂ ಜೇನುಮೇಣ ತೀಡಿದೆ.

ಕೂವೆಯನ್ನು ಎರಡೂ ಬದಿಗೆ ಬಿಗಿಯುವ ಶ್ರೌಡ್‌ಗಳನ್ನು ಕಟ್ಟುವುದಕ್ಕೆ ಕ್ರಮ ಇದೆ. ಮೊದಲು ಬಲಬದಿಯ ಮುಂದಿನ ಜೋಡಿ, ಆಮೇಲೆ ಎಡಬದಿಯದು, ಹೀಗೆ ಒಂದಾದ ಮೇಲೊಂದು. ಒಂದೇ ಬದಿ ಮುಗಿಸಿಕೊಂಡು ಬಂದರೆ ಕೂವೆ ವಾಲುತ್ತದೆ. ಅವುಗಳ ಮೇಲೆ ಹತ್ತುವ ಮೆಟ್ಟಿಲುದಾರ 4 ಮಿ.ಮೀ.ಗೆ ಒಂದರಂತೆ. ಹಿಂದೆ ಗೆರೆ ಎಳೆದ ಕಾಗದ ಇಟ್ಟುಕೊಳ್ಳಿ, ಕಣ್ಣು ಉಳಿಯುತ್ತದೆ.

ಹಾಯಿ ವಿಷಯದಲ್ಲಿ ಮತ್ತೆ ಆ ಸಂಜೆಯೇ ಯಜಮಾನ. ಎಲ್ಲ ಹಾಯಿ ಬಿಚ್ಚಿದ ಮಾದರಿ ನೋಡಲು ಭರ್ಜರಿ. ಆದರೆ ಕಾಳಗಕ್ಕೆ ನಿಂತ ಫ್ರಿಗೇಟ್ ಕೆಳಗಿನ ದೊಡ್ಡ ಹಾಯಿಗಳನ್ನು ಸುತ್ತಿಬಿಡುತ್ತದೆ. ಬೆಂಕಿಯ ಭಯ, ಎದುರು ಕಾಣದ ತೊಂದರೆ. ಶ್ಯಾನನ್ ಮೇಲ್ಹಾಯಿಗಳು, ಮುಂದಿನ ಜಿಬ್, ಹಿಂದಿನ ಸ್ಪ್ಯಾಂಕರ್ ಇಷ್ಟರಲ್ಲೇ ನಿಧಾನಕ್ಕೆ ತೇಲುತ್ತಾ ಕಾಯುತ್ತಿತ್ತು. ನಡುಗೂವೆಯ ಮೇಲ್ಹಾಯಿಗೆ ಗಾಳಿ ಸರಿಯಾಗಿ ಹಿಡಿಯದೆ ಪಟಪಟ ಅನ್ನುವ ಹಾಗೆ ತಿರುಗಿಸಿಟ್ಟಿದ್ದರು, ವೇಗ ಕಮ್ಮಿ ಆಗಲಿ ಅಂತ. ತೆಳು ಮಲ್ ಬಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಅಂಟುನೀರು ಬಳಿದು, ಹೇರ್ ಡ್ರೈಯರ್ ಗಾಳಿಗೆ ಹಿಡಿದರೆ ಆ ಅಲೆ ಬಂದು ಹಾಗೇ ನಿಲ್ಲುತ್ತದೆ.

ಬಾವುಟ

ಚೆಸಪೀಕ್ ಮೂರು ದೊಡ್ಡ ರಾಷ್ಟ್ರಧ್ವಜ ಹಾರಿಸಿಕೊಂಡು, ವ್ಯಾಪಾರದ ಸ್ವಾತಂತ್ರ್ಯ, ನಾವಿಕರ ಹಕ್ಕು ಅಂತ ಬರೆದ ಬಿಳಿ ಬಾವುಟವನ್ನೂ ಕಟ್ಟಿಕೊಂಡು ಬಂತು. ಶ್ಯಾನನ್‌ನಲ್ಲಿ ಇದ್ದದ್ದು ಮಾಸಿದ ಹಳೇ ನೀಲಿ ಬಾವುಟ ಒಂದು, ಮುಂದಿನ ಕೂವೆಗೆ ಯೂನಿಯನ್ ಜ್ಯಾಕ್ ಒಂದು. ನಾವೂ ಮೂರು ಹಾರಿಸೋಣವಾ ಅಂತ ಒಬ್ಬ ನಾವಿಕ ಕೇಳಿದ. ಬೇಡ, ನಮ್ಮದು ಯಾವಾಗಲೂ ಡೌಲು ಇಲ್ಲದ ಹಡಗು ಅಂದ ಬ್ರೂಕ್. ತೆಳು ಕಾಗದಕ್ಕೆ ಬಣ್ಣ ಬಳಿದು, ನೀಲಿಯನ್ನು ಬೂದಿಗೆ ತಿರುಗಿಸಿ, ಅಂಚು ಸ್ವಲ್ಪ ಹರಿದೆ.

ಮುಂದೆ ನಡೆದ ಕಾಳಗ ಮಾದರಿಯಲ್ಲಿಲ್ಲ, ಆದರೆ ಹಡಗಿನ ಮೈಯಲ್ಲಿ ಅದರ ಸಿದ್ಧತೆ ಇದೆ. ಬ್ರೂಕ್ ತನ್ನ ಜೊತೆಗಿದ್ದ ಟೆನಿಡೋಸ್ ಫ್ರಿಗೇಟನ್ನು ದೂರ ಕಳಿಸಿಬಿಟ್ಟಿದ್ದ, ಎರಡಿದ್ದರೆ ಅಮೆರಿಕದವರು ಹೊರಗೇ ಬರುವುದಿಲ್ಲ ಅಂತ. ಹಿಡಿದ ವ್ಯಾಪಾರಿ ಹಡಗುಗಳನ್ನು ಬಂದರಿಗೆ ಕಳಿಸದೆ ಸುಟ್ಟುಹಾಕುತ್ತಿದ್ದ, ತನ್ನ ಜನ ಹಂಚಿಹೋಗಬಾರದು ಅಂತ. ನಾವಿಕರಿಗೆ ಅದು ಕೈಗೆ ಬಂದ ಬಹುಮಾನದ ದುಡ್ಡಿಗೆ ಬೆಂಕಿ ಇಟ್ಟ ಹಾಗೆ, ಆದರೂ ಒಪ್ಪಿದರು. ಚೆಸಪೀಕ್‌ನ ಕ್ಯಾಪ್ಟನ್ ಜೇಮ್ಸ್ ಲಾರೆನ್ಸ್‌ಗೆ ಸವಾಲಿನ ಪತ್ರ ಬರೆದ. ಪತ್ರ ಕೈಸೇರುವ ಮೊದಲೇ ಲಾರೆನ್ಸ್ ತಾನಾಗಿಯೇ ಹೊರಟಿದ್ದ.

ಚೆಸಪೀಕ್‌ನ ಎರಡನೇ ಕಿಂಡಿ ನೇರಕ್ಕೆ ಬಂದಾಗ ಮಿಂಡ್ಹ್ಯಾಮ್ ಹೊಡೆದ. ಆಮೇಲೆ ಹಿಂದಿನಿಂದ ಮುಂದಕ್ಕೆ ಒಂದೊಂದೇ ಫಿರಂಗಿ. ಕೂವೆ ಮುರಿಯಲು ಹೋಗಬೇಡಿ, ಜನ ಇರುವ ಕಡೆ ಹೊಡೆಯಿರಿ ಅನ್ನುವುದು ಬ್ರೂಕ್‌ನ ಅಪ್ಪಣೆ. ಚೆಸಪೀಕ್‌ನ ಚುಕ್ಕಾಣಿ ಹಿಡಿದವರನ್ನೇ ಗುರಿಯಾಗಿಟ್ಟು ಹಿಂಭಾಗದ ಡೆಕ್ಕಿನಲ್ಲಿ ಒಂದು 9 ಪೌಂಡಿನ ಫಿರಂಗಿ ಇಟ್ಟಿದ್ದರು. ಅದು ತನ್ನ ಕೆಲಸ ಮಾಡಿತು. ಚುಕ್ಕಾಣಿ ತಪ್ಪಿದ ಹಡಗು ತಿರುಗಿ ಬಂದು ಶ್ಯಾನನ್‌ನ ಲಂಗರಿಗೆ ಸಿಕ್ಕಿಕೊಂಡಿತು. ಬ್ರೂಕ್ ತಾನೇ ಮುಂದಾಗಿ ಹತ್ತಿದ, ತಲೆಗೆ ಕತ್ತಿಯೇಟು ಬಿತ್ತು. ಮೊದಲ ಲೆಫ್ಟಿನೆಂಟ್ ಜಾರ್ಜ್ ವಾಟ್ ಗೆದ್ದ ಹಡಗಿನ ಮೇಲೆ ಬ್ರಿಟಿಷ್ ಬಾವುಟ ಏರಿಸಲು ಹೋದಾಗ ಹಗ್ಗ ತೊಡಕಾಗಿ ಅಮೆರಿಕದ ಬಾವುಟ ಮೇಲೆ ಬಂತು. ಶ್ಯಾನನ್‌ನವರು ಇನ್ನೂ ಕಾಳಗ ಮುಗಿದಿಲ್ಲ ಅಂದುಕೊಂಡು ಹೊಡೆದರು. ವಾಟ್ ಸತ್ತದ್ದು ತನ್ನವರ ಗುಂಡಿಗೇ.

ಎಲ್ಲಾ ಸೇರಿ ಕಾಲು ಗಂಟೆ. ಎರಡೂ ಹಡಗಲ್ಲಿ ಸತ್ತವರು, ಗಾಯಗೊಂಡವರು 200ಕ್ಕೂ ಹೆಚ್ಚು. ಲಾರೆನ್ಸ್ ಉಳಿಯಲಿಲ್ಲ. ಶ್ಯಾನನ್ ಜವಾಬ್ದಾರಿ 22 ವರ್ಷದ ಲೆಫ್ಟಿನೆಂಟ್ ಪ್ರೊವೊ ವಾಲಿಸ್ ಕೈಗೆ ಬಂತು. ಅವನೇ ಎರಡೂ ಹಡಗನ್ನು ಜೂನ್ 6ಕ್ಕೆ ತನ್ನ ಹುಟ್ಟೂರಾದ ಹ್ಯಾಲಿಫ್ಯಾಕ್ಸ್‌ಗೆ ಮುಟ್ಟಿಸಿದ. ಮುಂದೆ ನೌಕಾಪಡೆಯ ಅತಿ ದೊಡ್ಡ ಪದವಿಗೆ ಏರಿ, 1892ರಲ್ಲಿ ನೂರು ದಾಟಿ ತೀರಿಕೊಂಡ. ಚೆಸಪೀಕ್‌ನ ತೊಲೆಗಳು 1820ರಲ್ಲಿ ಇಂಗ್ಲೆಂಡಿನ ವಿಕಮ್ ಹಳ್ಳಿಯ ಹಿಟ್ಟಿನ ಗಿರಣಿ ಸೇರಿದವು. ಆ ಕಟ್ಟಡ ಈಗಲೂ ಇದೆ, ಡೆಕ್ಕಿನ ತೊಲೆ ಅಳತೆ ಬೇಕಾದವರು ಅಲ್ಲಿನ ಫೋಟೋ ಹುಡುಕಿ.

ಬಾಕಿ ಕೆಲಸ

ಹಿಂಬದಿಯ ಎರಡು ದೋಣಿಗಳು ಇನ್ನೂ ಆಗಿಲ್ಲ. 24ರ ಅಳತೆಯ ಫಿರಂಗಿಗೆ ಒದೆತ ತಡೆಯುವ ದಪ್ಪ ಹಗ್ಗ ಹೊಸೆಯಬೇಕು. ಬದಿಯ ಬಲೆಯಲ್ಲಿ ಸುತ್ತಿಡುವ ಹಾಸಿಗೆ ಸುರುಳಿಗಳನ್ನು ಟಿಶ್ಯೂ ಕಾಗದದಲ್ಲಿ ಮಾಡಿ ನೋಡುತ್ತಿದ್ದೇನೆ, ಸುಮಾರಾಗಿ ಬರುತ್ತಿದೆ.

ಪೆಟ್ಟಿಗೆ 4 ಮಿ.ಮೀ. ಅಕ್ರಿಲಿಕ್. ತಳದ ಹಲಗೆಯ ಎರಡು ಮೂಲೆಗೆ ಗಾಳಿ ಆಡುವ ತೂತು ಬಿಟ್ಟು ಒಳಗಿನಿಂದ ನೈಲಾನ್ ಜಾಲರಿ ಅಂಟಿಸಿದೆ. ಯಾರಾದರೂ ಸೀಸದ ಫಿರಂಗಿ, ಸೀಸದ ಲಂಗರು ಬಳಸಿದ್ದರೆ ಈ ತೂತು ಮರೆಯಲೇಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಪ್ಲೈವುಡ್ ಮತ್ತು ಅಂಟಿನಿಂದ ಬರುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ, ಆಮೇಲೆ ಏನು ಬಳಿದರೂ ನಿಲ್ಲುವುದಿಲ್ಲ.